ಅಯಿಂಕೆಯ ಹಂಡೆಯ ನೀಲಿ

ನವೆಂಬರ್ ೪, ಸೋಮವಾರ. ಮುಂಜಾನೆ

ಪ್ರಾರ್ಥನೆ ಮುಗಿಯಿತು. ಜೋಳದ ಗಂಜಿ ಆರುತ್ತಿದೆ. ಮಂಡಿನೋವು ಇಂದೂ ಬಿಟ್ಟಿಲ್ಲ, ಕರ್ತನ ಚಿತ್ತ.

ಅಕ್ಕ ಅಯಿಂಕೆ ತೀರಿಕೊಂಡು ವಾರಗಳಾದವು. ದೇಹ ಇನ್ನೂ ಶೀತಗೃಹದಲ್ಲಿದೆ. ನಮ್ಮ ಅಬೆಯೊಕುಟಾ ಊರಿನಲ್ಲಿ ತುಂಬುಬಾಳು ಬಾಳಿದವರನ್ನು ಆತುರದಿಂದ ಮಣ್ಣು ಮಾಡುವ ರೂಢಿಯಿಲ್ಲ. ಮೊದಲು ಅಶೊ ಎಬಿ, ಅಂದರೆ ಮನೆತನಕ್ಕೆಲ್ಲ ಒಂದೇ ಬಟ್ಟೆ, ಆರಿಸಬೇಕು. ಹೊಲಿಸಬೇಕು. ಆಮೇಲೆ ಸಮಾಧಿ.

ನಿನ್ನೆ ಅದಕ್ಕಾಗಿಯೇ ಸಭೆ. ಅಕ್ಕನ ಹಿರಿಮಗ ಕೊಲಾಪೊ ಆರಿಸಿದ್ದು ವೈನ್ ಬಣ್ಣದ ಲೇಸು, ಮೈತುಂಬ ಮಿನುಗು. ಎಲ್ಲರೂ ಹೂಂ ಎಂದರು, ಮೊರೆನಿಕೆಯ ಹೊರತು. ಅಕ್ಕನ ಮೊಮ್ಮಗಳು, ದರ್ಜಿ, ಅಜ್ಜಿಯ ಬಣ್ಣದ ಹಂಡೆಗಳ ನಡುವೆಯೇ ಬೆಳೆದವಳು.

"ಅಜ್ಜಿ ಜನ್ಮವೆಲ್ಲಾ ಬಟ್ಟೆಗಳನ್ನ ನೀಲೀಲಿ ಅದ್ದಿದವಳು. ನಾನು ಅವಳ ನೀಲೀನೇ ಉಡ್ತೀನಿ."

"ಉಡಮ್ಮ, ಯಾರು ಬೇಡ ಅಂದ್ರು?" ಎಂದಳು ಕೊಲಾಪೊನ ಹೆಂಡತಿ ಬಿಸೋಲಾ. "ನೆರೆಯವರ ಜೊತೆ ಹಿಂದೆ ಕೂತ್ಕೊ. ಊಟ ಬಡಿಸೋರು ಬಟ್ಟೆ ನೋಡಿ ಬಡಿಸ್ತಾರೆ, ಮುಖ ನೋಡಿ ಅಲ್ಲ."

ನಗು. ಆಮೇಲೆ ಎಲ್ಲರ ಕಣ್ಣೂ ನನ್ನ ಕಡೆ. ಮನೆತನಕ್ಕೆ ಈಗ ಹಿರಿಯ ನಾನು. ನುಡಿದೆ: ಮನೆತನದ ಬಟ್ಟೆ ಉಡದವರು ಶವಪೆಟ್ಟಿಗೆಯ ಹಿಂದೆ ನಡೆಯತಕ್ಕದ್ದಲ್ಲ. ಸಮವಸ್ತ್ರವು ಸಮಚಿತ್ತದ ಕುರುಹು. ಮಾತು ಗಂಭೀರವಾಗಿಯೇ ಬಂತು. ಮೊರೆನಿಕೆ ನನ್ನನ್ನೊಮ್ಮೆ ನೋಡಿ ಎದ್ದು ಹೋದಳು.

ಗಂಜಿಯ ಮೇಲೆ ಕೆನೆಗಟ್ಟಿದೆ.

ನವೆಂಬರ್ ೯, ಶನಿವಾರ

ಮೊರೆನಿಕೆ ಅಳತೆ ತೆಗೆಯಲು ಬಂದಿದ್ದಳು. ಮನೆಮಂದಿಯ ಲೇಸನ್ನೆಲ್ಲ ಹೊಲಿಯುತ್ತಿರುವವಳು ಅವಳೇ! ತಾನು ಒಲ್ಲೆನೆಂದ ಬಟ್ಟೆ. ನನ್ನ ಅಗ್ಬಾಡಾ ನಿಲುವಂಗಿಗೆ ಭುಜ ಅಳೆಯುತ್ತ ಟೇಪನ್ನು ಬಿಗಿಯಾಗಿ ಎಳೆದಳು.

"ಕೋಪವೇನೇ?"

"ಟೇಪು ಜಾರುತ್ತೆ ಬಾಬಾ. ಅಲ್ಲಾಡಬೇಡಿ."

ಆಗ ನೆನಪಾಯಿತು. ಯಾವ ಮದುವೆಗೆ ಯಾವ ಬಟ್ಟೆ ಕೊಟ್ಟರೂ ಅಕ್ಕ ಅದನ್ನು ತನ್ನ ಹಂಡೆಯಲ್ಲಿ ಮುಳುಗಿಸುತ್ತಿದ್ದಳು. ಊರೆಲ್ಲ ಹಳದಿಯಲ್ಲಿದ್ದರೆ ಅವಳೊಬ್ಬಳು ನೀಲಿ. ಕೇಳಿದರೆ, "ನೀವು ಕೊಟ್ಟಿದ್ದೇ ಕಣ್ರೋ. ಸ್ವಲ್ಪ ಸ್ನಾನ ಮಾಡಿಸಿದೆ, ಅಷ್ಟೆ."

ಹೇಳಿದೆ: ನೀನೂ ಹಾಗೆಯೇ ಅದ್ದು. ಬಟ್ಟೆ ಮನೆತನದ್ದೇ, ನೀಲಿ ಅಜ್ಜಿಯದು. ನನ್ನ ಮಾತೂ ಉಳಿಯುತ್ತದೆ.

ಅವಳು ಟೇಪು ಕೊರಳಿಗೆ ಹಾಕಿಕೊಂಡಳು. "ಅಜ್ಜಿಯ ಒಂದು ಹಂಡೇಲಿ ಬಣ್ಣ ಇನ್ನೂ ಜೀವಂತ ಇದೆ. ಕೆಡದ ಹಾಗೆ ಬೂದಿನೀರು ಹಾಕ್ತಾನೇ ಇದ್ದೀನಿ," ಎಂದಳು. ನಕ್ಕಳೆಂದೇ ತೋರಿತು.

ನವೆಂಬರ್ ೧೭, ಭಾನುವಾರ

ಆರಾಧನೆಯ ನಂತರ ಕೊಲಾಪೊ ಬಂದ. ದೇಹವನ್ನು ಅಣಿಗೊಳಿಸುವವರು ಅಕ್ಕನ ಕೈಗಳನ್ನು ಉಜ್ಜಿ ಉಜ್ಜಿ ಸೋತರಂತೆ. ಉಗುರಿನ ಬುಡದ ನೀಲಿ ಹೋಗಲೊಲ್ಲದು.

"ದರ್ಶನಕ್ಕೆ ಬಂದ ಜನ ಕೊಳೆ ಅಂದ್ಕೋತಾರೆ, ಬಾಬಾ. ಬಿಳಿ ಗ್ಲೌಸು ತರಿಸಿದೀನಿ."

"ನಿನ್ನ ತಾಯಿಯ ಕೈ ಊರಿಗೆ ಗೊತ್ತಿಲ್ಲವೇನೋ?"

"ಊರಿಗೆ ಗೊತ್ತು. ಲಾಗೋಸಿಂದ ಬರೋರಿಗೆ?" ಆಮೇಲೆ ದನಿ ತಗ್ಗಿಸಿ ಹೇಳಿದ: "ಶಾಲೇಲಿ ನನ್ನನ್ನ ನೀಲಿಕೈಯವಳ ಮಗ ಅಂತ ಕರೀತಿದ್ರು. ಒಂದು ದಿನ... ಒಂದೇ ದಿನ ಅವಳು ಎಲ್ಲರ ತಾಯಂದಿರ ಹಾಗೆ ಕಾಣಲಿ."

ಅವನೂ ಮಗನೇ. ಹಾಗೇ ಆಗಲಿ ಎಂದೆ.

ನವೆಂಬರ್ ೨೧, ಗುರುವಾರ. ಸಂಜೆ

ನಾಳೆ ಸಮಾಧಿ.

ಅಕ್ಕನ ಹಿತ್ತಿಲಿಗೆ ಹೋಗಿದ್ದೆ. ಹಂಡೆಯೊಳಗೆ ಮೊರೆನಿಕೆಯ ಪಾಲಿನ ಲೇಸು ನೀರು ಹಿಡಿದು ಭಾರವಾಗಿತ್ತು. ಅವಳೊಬ್ಬಳಿಂದ ಆಗದು. ಅಂಗಿಯ ತೋಳು ಮಡಚಿ ನಾನೂ ಹಂಡೆಗೆ ಕೈಯಿಟ್ಟೆ. ಎತ್ತಿದೆವು. ಮುಳುಗಿಸಿದೆವು. ಮತ್ತೆ ಎತ್ತಿದೆವು. ಬಣ್ಣವೆಲ್ಲ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿಹೋಯಿತು. ವೈನ್ ಬಣ್ಣ ವೈನಾಗಿಯೇ ಉಳಿಯಿತು.

"ನೈಲಾನು ಬಾಬಾ. ಹಿಡಿಯೋದಿಲ್ಲ."

"ಗೊತ್ತಿತ್ತೇ ನಿನಗೆ?"

"ಅನುಮಾನ ಇತ್ತು. ನೀವು ಅಷ್ಟು ಆಸೆಯಿಂದ ಹೇಳಿದ್ರಿ..."

ಬಣ್ಣದವಳ ತಮ್ಮ ನಾನು. ನೂಲನ್ನು ಬೆರಳಿನಿಂದ ಮುಟ್ಟಿಯೂ ನೋಡದೆ ಉಪಾಯ ಹೇಳಿದ್ದೆ.

ಕುತ್ತಿಗೆಯ ಸುತ್ತ ಅವಳು ಬಿಳಿ ಹತ್ತಿ ದಾರದಲ್ಲಿ ಕಸೂತಿ ಹಾಕಿದ್ದಳು. ಅದು ಮಾತ್ರ ಗಾಳಿಗೆ ಮೊದಲು ಹಸಿರಾಯಿತು, ನೋಡುತ್ತಿದ್ದಂತೆ ನೀಲಿಗೆ ತಿರುಗಿತು. ಕೊರಳಿಗೊಂದು ನೀಲಿ ಬಳ್ಳಿ.

ಅಷ್ಟರಲ್ಲಿ ಕೊಲಾಪೊ ಬಂದ. "ಇದು ಮನೆತನದ ಬಟ್ಟೆಯಲ್ಲ. ಕೆಡಿಸಿದ ಬಟ್ಟೆ. ಬಾಬಾ, ಸಭೆ ಮುಂದೆ ನೀವೇ ಆಡಿದ ಮಾತು. ಇವಳಿಗೆ ಬೇರೆ, ಉಳಿದವರಿಗೆ ಬೇರೆಯಾ?"

ಮೊರೆನಿಕೆಯೇ ಹೇಳಿದಳು: "ಜಗಳ ಬೇಡ ಮಾವ. ನಾನು ಇದನ್ನೇ ಉಡ್ತೀನಿ, ಗೇಟಿನ ಹತ್ತಿರ ನೆರೆಯವರ ಜೊತೆ ನಿಲ್ತೀನಿ. ಬಾಬಾ ತಮ್ಮ ಮಾತು ಮುರಿಯೋದು ಬೇಡ."

ಹಂಡೆಯನ್ನು ಮುಚ್ಚಿದಳು. ನಾನು ಕುಂಟುತ್ತ ಮನೆಗೆ ಬಂದೆ. ಮುರಿಯಲಿಲ್ಲ ಅವಳು ನನ್ನ ಮಾತನ್ನು. ಉಳಿಸಿಬಿಟ್ಟಳು, ತಾನೇ ಹೊರಗೆ ನಿಂತು.

ನವೆಂಬರ್ ೨೨, ಶುಕ್ರವಾರ. ಬೆಳಿಗ್ಗೆ

ಸೋಪು. ನಿಂಬೆ. ಬೂದಿ. ಹೋಗುತ್ತಿಲ್ಲ. ನನ್ನ ಕೈ ಮಣಿಕಟ್ಟಿನವರೆಗೆ ನೀಲಿ.

ಪ್ರಾರ್ಥನೆಗೆ ಕೈ ಜೋಡಿಸಿದೆ. ಅಕ್ಕನ ಕೈಗಳೇ ಎದುರು ಬಂದು ಜೋಡಿಸಿಕೊಂಡಂತಾಯಿತು. ಬಹಳ ಹೊತ್ತು ಬಿಡಿಸಲಾಗಲಿಲ್ಲ.

ಲೇಸಿನ ಅಗ್ಬಾಡಾ ತೊಟ್ಟಿದ್ದೇನೆ, ಎಲ್ಲರಂತೆಯೇ. ಮಾತಿಗೆ ತಪ್ಪಿಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ; ಶೀತಗೃಹದಿಂದ ತಂದ ಅವಳ ದೇಹ ಒಳಕೋಣೆಯಲ್ಲಿದೆ. ಬೀದಿಯಲ್ಲಿ ಡೋಲು ಮಾತಾಡುತ್ತಿದೆ. ಅಕ್ಕನ ಹೆಸರು ಹಿಡಿದು ಹೊಗಳುತ್ತಿದೆ.

ಈಗಷ್ಟೇ ಕೊಲಾಪೊ ಬಂದಿದ್ದ. ನನ್ನ ಕೈ ಕಂಡು ನಿಂತ. ಜೇಬಿನಿಂದ ಬಿಳಿ ಗ್ಲೌಸು ತೆಗೆದ. ಇನ್ನೊಂದು ಜೊತೆ ಇತ್ತಂತೆ.

"ವಿಡಿಯೋದವರು ಬಂದಿದ್ದಾರೆ ಬಾಬಾ. ಕೈ ಕೊಡಿ."

"ಮೊದಲು ನಿನ್ನ ತಾಯಿಯ ಕೈಯಿಂದ ತೆಗೆದು ಬಾ. ಆಮೇಲೆ ನನಗೆ ಹಾಕುವೆಯಂತೆ."

ಅವನು ಗ್ಲೌಸನ್ನು ಮೇಜಿನ ಮೇಲಿಟ್ಟು ಅಕ್ಕನಿರುವ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ. ಇನ್ನೂ ತೆರೆದಿಲ್ಲ.

ಗೇಟಿಗೆ ಹೇಳಿಕಳುಹಿಸಿದ್ದೇನೆ: ಮಂಡಿ ನೋಯುತ್ತಿದೆ, ಆಸರೆಯಿಲ್ಲದೆ ನಡೆಯಲಾರೆ, ಮೊರೆನಿಕೆ ಬರಲಿ. ಪೆಟ್ಟಿಗೆಯ ಹಿಂದೆ ಮೊದಲು ನಡೆಯಬೇಕಾದವನು ನಾನು. ನನ್ನ ಕೈ ಹಿಡಿದವಳನ್ನು ನನ್ನಿಂದ ಬಿಡಿಸುವವರು ಬರಲಿ, ನೋಡೋಣ.

ಅಂಗಳದಲ್ಲಿ ಅವಳ ಹೆಜ್ಜೆ. ಅತ್ತ ಕೋಣೆಯ ಚಿಲಕ ಸರಿಯಿತು. ಕೊಲಾಪೊ ಹೊರಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಅಕ್ಕನಿಗೆ ತೊಡಿಸಿದ್ದ ಬಿಳಿ ಗ್ಲೌಸು.