ಭಾರದ ನೀರಿಗೆ ಬಿದ್ದ ಬೀಗ

ಪರಮಾಣು ಪದಾರ್ಥಗಳ ಪರಿಶೀಲನಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಮ್ಮೂರ ಸಣ್ಣ ಆಸ್ಪತ್ರೆಯ ಹಿಂಭಾಗದಲ್ಲಿ ನೀರು ಶುದ್ಧ ಮಾಡುವ ಕೋಣೆಯೊಂದಿದೆ. ಹೋದ ತಿಂಗಳು ತಮ್ಮ ಕಚೇರಿಯವರು ಬಂದು ಅದಕ್ಕೆ ಬೀಗ ಜಡಿದು, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ, ಬಾಗಿಲಿಗೆ ‘ಭಾರಜಲ: ಪ್ರವೇಶ ನಿಷಿದ್ಧ’ ಎಂಬ ಚೀಟಿ ಅಂಟಿಸಿ ಹೋದರು. ಒಳಗಿರುವುದು ಭಾರಜಲವಲ್ಲ, ನಲ್ಲಿ ನೀರು. ಆ ನೀರಿನ ಆಸರೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬದುಕಿದ್ದವರಲ್ಲಿ ನಾನೂ ಒಬ್ಬ. ಬೀಗ ತೆಗೆಸಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಬರೆದವೆಲ್ಲ ತಮ್ಮ ಕಚೇರಿಯಲ್ಲಿ ಸುಖನಿದ್ರೆಯಲ್ಲಿರುವುದರಿಂದ ಇದನ್ನು ಪತ್ರಿಕೆಯಲ್ಲಿ, ಹತ್ತು ಜನರ ಎದುರಿಗೇ ಬರೆಯಬೇಕಾಗಿ ಬಂತು.

ನಾನು ಪತ್ರಿಕೆಯೊಂದರ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಕಂಡವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಕಸುಬು ಎಂದು ನನ್ನ ಅಕ್ಕ ಹಂಗಿಸುವುದುಂಟು. ಅಕ್ಕ ಎಂಜಿನಿಯರ್. ಕೂದಲು ಹಣ್ಣಾಗುವವರೆಗೂ ಪರಮಾಣು ಸ್ಥಾವರದಲ್ಲಿ ದುಡಿದವಳು. ಅಲ್ಲಿ ಅವಳು ಏನೇನು ಕಂಡುಹಿಡಿದಳೆಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನೆಲ್ಲ ಕಪಾಟಿಗೆ ಸೇರಿಸಿದವರು ತಾವೇ. ಬಾಗಿಲು ಮುಚ್ಚಿಕೊಂಡು ಅವಳಿಗೆ ಪದಕ ಕೊಟ್ಟಿರಿ, ಯಾತಕ್ಕೆ ಕೊಟ್ಟೆವೆಂದು ಯಾರಿಗೂ ಹೇಳಬಾರದೆಂದೂ ಹೇಳಿ ಕಳಿಸಿದಿರಿ. ಅಲ್ಲಿ ನಿನಗೇನು ಕೆಲಸವೇ ಎಂದು ಅಮ್ಮ ಒಮ್ಮೆ ಕೇಳಿದಾಗ, "ನೀರು ಕಾಯ್ಸೋ ಒಲೆ ಕಾಯ್ತೀನಮ್ಮ" ಎಂದಿದ್ದಳು. ಅಮ್ಮ ಅದನ್ನು ಹಾಗೇ ನಂಬಿ, ಮಗಳನ್ನು ಅಷ್ಟು ಓದಿಸಿದ್ದು ದಂಡವಾಯಿತೆಂದು ಬಹಳ ಕಾಲ ಕೊರಗಿದಳು.

ಪತ್ರಿಕೆಯಲ್ಲಿ ಬಂದಿದ್ದರಿಂದ ನಾನು ಧೈರ್ಯವಾಗಿ ಹೇಳಬಹುದಾದ ಸಂಗತಿ ಒಂದೇ. ಸ್ಥಾವರದ ಒಡಲನ್ನು ತಣ್ಣಗಿಡುವ ನೀರು ಕಡಿಮೆಯಾದ ಕೂಡಲೇ, ವಿದ್ಯುತ್ತಿಗೂ ಕಾಯದೆ, ಮನುಷ್ಯರ ಅಪ್ಪಣೆಗೂ ಕಾಯದೆ, ತಾನಾಗಿಯೇ ತೆರೆದುಕೊಂಡು ಮೀಸಲು ನೀರು ಬಿಡುವ ಕವಾಟವೊಂದನ್ನು ಅವಳು ಮಾಡಿದಳು. ಹೆಚ್ಚುಕಡಿಮೆಯಾದಾಗ ಯಂತ್ರ ತನ್ನನ್ನು ತಾನೇ ನೋಡಿಕೊಳ್ಳಬೇಕು, ಸಾಹೇಬರನ್ನು ಕೇಳಿಕೊಂಡು ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ನಿವೃತ್ತಿಗೆ ಮುಂಚೆ ಅಂಥದ್ದೇ ಒಂದು ಕವಾಟವನ್ನು ತಮ್ಮ ಕಚೇರಿಗೂ ಜೋಡಿಸಿ ಬಂದಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಅವಳು ನಿವೃತ್ತಳಾದ ಮೇಲೆ ನನ್ನ ಮೂತ್ರಪಿಂಡಗಳೂ ನಿವೃತ್ತಿ ಬಯಸಿದವು. ಡಯಾಲಿಸಿಸ್ ಕೋಣೆಯಲ್ಲಿ ನನ್ನ ಜೊತೆಗೆ ಕೂರಲೆಂದು ಬರುತ್ತಿದ್ದ ಅಕ್ಕ ನನ್ನ ಮುಖ ನೋಡಿದ್ದಕ್ಕಿಂತ ಕೊಳವೆಗಳನ್ನು ನೋಡಿದ್ದೇ ಹೆಚ್ಚು. ನಮ್ಮೂರ ನೀರು ಎಂಥದ್ದೆಂದರೆ ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಸುಣ್ಣದ ಚಕ್ಕೆ ಏಳುತ್ತದೆ. ಆಸ್ಪತ್ರೆಯ ದೊಡ್ಡ ಶೋಧಕ ಯಂತ್ರ ಆ ಸುಣ್ಣ ಕುಡಿದು ಕುಡಿದು ಕಟ್ಟಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಸುಣ್ಣ ಅದನ್ನೂ ದಾಟಿ ಬಂದ ದಿನ ನಮಗೆ ತಲೆ ಸಿಡಿತ, ವಾಂತಿ, ಮೇಲೇರುವ ರಕ್ತದೊತ್ತಡ. ಪಕ್ಕದ ಮಂಚದ ಬಸ್ ಕಂಡಕ್ಟರ್ ಅಂಥ ದಿನಗಳಲ್ಲಿ ಕಣ್ಣು ಮುಚ್ಚಿ ಹಳೆಯ ನಿಲ್ದಾಣಗಳ ಹೆಸರು ಹೇಳಿಕೊಳ್ಳುತ್ತಾ ಮಲಗಿರುತ್ತಿದ್ದರು. ಅಕ್ಕ ಒಂದಷ್ಟು ದಿನ ನೋಡಿದಳು. ಆಮೇಲೆ ಮನೆಯ ಹಿತ್ತಿಲಲ್ಲಿ ತಟತಟ ಸದ್ದು ಶುರುವಾಯಿತು. ಕೊನೆಗೊಂದು ದಿನ, ನೀರಿನ ಸುಣ್ಣ ಹಿಡಿಯಲೆಂದು ತಾನೇ ಮಾಡಿದ ಎರಡು ದಪ್ಪ ಉಕ್ಕಿನ ಕೊಳಾಯಿಗಳನ್ನು ಆಟೋದಲ್ಲಿ ಹೇರಿಕೊಂಡು ಹೋಗಿ, ಶೋಧಕ ಯಂತ್ರದ ಮುಂದೆ ನಿಲ್ಲಿಸಿ ಬಂದಳು. ಅಂದಿನಿಂದ ಬೀಗ ಬೀಳುವವರೆಗೂ ನಮ್ಮ ಕೋಣೆಯಲ್ಲಿ ಯಾರೂ ವಾಂತಿ ಮಾಡಲಿಲ್ಲ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದಳು. ಬೇರೆ ಊರುಗಳ ಆಸ್ಪತ್ರೆಗಳಿಗೂ ಸಿಗಲಿ ಎಂದು ಆವಿಷ್ಕಾರ ನೋಂದಣಿಗೆ ಅರ್ಜಿ ಹಾಕಿದಳು. ಅರ್ಜಿಯಲ್ಲಿ, ಶ್ರೀಸಾಮಾನ್ಯರಿಗೂ ತಿಳಿಯುವ ಭಾಷೆಯಲ್ಲಿ ಬರೆಯತಕ್ಕದ್ದು ಎಂಬ ಸೂಚನೆ ಇತ್ತು. ಸರ್ಕಾರದ ಸೂಚನೆಯನ್ನು ಅಕ್ಷರಶಃ ಪಾಲಿಸುವ ಚಾಳಿ ಅವಳದು. ನಮ್ಮ ಬೀದಿಯಲ್ಲಿ ಯಾರೂ ‘ಗಡಸು ನೀರು’ ಎನ್ನುವುದಿಲ್ಲ. ಕುಡಿದರೆ ಹೊಟ್ಟೆಗೆ ಭಾರ, ಹೀಗಾಗಿ ಎಲ್ಲರ ಬಾಯಲ್ಲೂ ಅದು ‘ಭಾರದ ನೀರು’. ಅಕ್ಕ ಹಾಗೆಯೇ ಬರೆದಳು: ‘ಭಾರದ ನೀರನ್ನು ಹಗುರ ಮಾಡುವ ವಿಧಾನ’.

ಆ ಅರ್ಜಿ ಯಾವ ಗಾಳಿಗೆ ತೂರಿ ತಮ್ಮ ಮೇಜಿಗೆ ಬಂತೋ ತಿಳಿಯದು. ತಾವು ಅದನ್ನು ‘ಭಾರಜಲ’ ಎಂದು ಓದಿದಿರಿ. ಕೆಲವು ಸ್ಥಾವರಗಳಿಗೆ ಬೇಕಾಗುವ, ಬಲು ಕಷ್ಟಪಟ್ಟು ತಯಾರಿಸುವ, ಚಿನ್ನದಂತೆ ಕಾಯುವ ಭಾರಜಲ! ಅರ್ಜಿದಾರಳು ಸ್ಥಾವರದ ಮಾಜಿ ಎಂಜಿನಿಯರ್ ಎಂದು ಗೊತ್ತಾದ ಮೇಲಂತೂ ತಮ್ಮ ಕಚೇರಿಗೆ ನಿದ್ದೆ ಹತ್ತಿರಲಿಕ್ಕಿಲ್ಲ. ತಾವು ಕಳಿಸಿದ ಆದೇಶದ ಒಂದು ಸಾಲನ್ನು ನಾನು ಕಂಠಪಾಠ ಮಾಡಿಕೊಂಡಿದ್ದೇನೆ: ‘ಭಾರಜಲವನ್ನು ಹಗುರಗೊಳಿಸುವುದು ರಾಷ್ಟ್ರೀಯ ಸಂಪತ್ತಿನ ನಾಶಕ್ಕೆ ಸಮ.’ ನಮ್ಮ ಬೀದಿಯವರು ಇಷ್ಟು ವರ್ಷ ರಾಷ್ಟ್ರೀಯ ಸಂಪತ್ತಿನಲ್ಲಿ ಬಟ್ಟೆ ಒಗೆದಿದ್ದಾರೆ. ಅವರ ಮೇಲೆ ಕ್ರಮ ಯಾವಾಗ, ಸ್ವಾಮಿ?

ತಪಾಸಣೆಗೆ ಬಂದ ತಮ್ಮ ಕಿರಿಯ ಅಧಿಕಾರಿ ಒಳ್ಳೆಯವರು. ಕೈಗವಸು ಹಾಕಿಕೊಂಡು, ವಿಕಿರಣ ಅಳೆಯುವ ಮೀಟರ್ ಹಿಡಿದು ಕೊಳಾಯಿಗಳ ಸುತ್ತ ಪ್ರದಕ್ಷಿಣೆ ಹಾಕಿದರು. ಮೀಟರ್ ತುಟಿಪಿಟಕ್ಕೆನ್ನಲಿಲ್ಲ. ಅವರ ಮುಖ ಬಾಡಿತು. ಅಷ್ಟರಲ್ಲಿ ಡಯಾಲಿಸಿಸ್ ಕೋಣೆಯ ಸಿಸ್ಟರ್ ಕೈಚೀಲ ಇಡುವ ಗ್ರಾನೈಟ್ ಕಟ್ಟೆಯ ಮೇಲೆ ಮೀಟರ್ ಕೊಂಚ ಟಿಕ್ ಟಿಕ್ ಎಂದಿತು. ಅಧಿಕಾರಿಗಳ ಮುಖ ಅರಳಿತು. ಗ್ರಾನೈಟ್ ಎಂದರೆ ಅಷ್ಟಿಷ್ಟು ಇದ್ದದ್ದೇ, ನಿಮ್ಮ ಕಚೇರಿಯ ಮೆಟ್ಟಿಲಿನ ಮೇಲೆ ಇಟ್ಟರೂ ಅದು ಹೀಗೇ ಕೂಗುತ್ತದೆ ಎಂದು ಅಕ್ಕ ತಿಳಿಹೇಳಿದಳು.

"ನಮ್ಮ ಕಚೇರಿ ಮೆಟ್ಲು ಈ ತನಿಖೆ ವ್ಯಾಪ್ತಿಗೆ ಬರಲ್ಲ ಮೇಡಂ" ಎಂದರು ಅವರು. ಬೀಗ ಬಿತ್ತು. ಕೈಚೀಲವನ್ನೂ ಒಳಗೇ ಬಿಟ್ಟು ಬೀಗ ಹಾಕಿದ್ದರಿಂದ ಸಿಸ್ಟರ್ ಅಂದು ಮನೆಯ ಕೀಲಿಯಿಲ್ಲದೆ ನಾದಿನಿಯ ಮನೆಯಲ್ಲಿ ಉಳಿಯಬೇಕಾಯಿತು.

ಬೇರೆ ಯಂತ್ರ ತಂದು ಹಾಕಿಕೊಳ್ಳಬಾರದೇ ಎಂದು ತಾವು ಕೇಳಬಹುದು. ಆಸ್ಪತ್ರೆಗೆ ನೀರು ಬರುವ ಮುಖ್ಯ ಕೊಳವೆ, ಶೋಧಕ ಯಂತ್ರ, ಎಲ್ಲವೂ ಆ ಕೋಣೆಯ ಒಳಗೇ ಇವೆ.

ನಾವಿಬ್ಬರೂ ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ಹಸಿರು ಬಟ್ಟೆ ಹಾಸಿದ ಮೇಜು, ಅದರ ಪಕ್ಕದಲ್ಲಿ ಹೊರಗಿನಿಂದ ತರಿಸಿದ ಕುಡಿಯುವ ನೀರಿನ ಕ್ಯಾನು. ತಾವು ಬಹಳ ಸೌಜನ್ಯದಿಂದಲೇ ವಿವರಿಸಿದಿರಿ. ಒಳಗಿರುವುದು ಭಾರಜಲವಲ್ಲವೆಂದು ಖಾತ್ರಿಯಾಗಬೇಕಾದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಅಕ್ಕ ಹೇಳಬೇಕು. ಆದರೆ ವಿಷಯವನ್ನು ಈಗಾಗಲೇ ರಹಸ್ಯವೆಂದು ಘೋಷಿಸಿರುವುದರಿಂದ, ಗೌಪ್ಯತೆಯ ಪ್ರಮಾಣ ಮಾಡಿರುವ ಮಾಜಿ ನೌಕರಳು ಅದನ್ನು ಹೇಳಕೂಡದು. ಹೇಳಿದರೆ ಅಪರಾಧ, ಹೇಳದಿದ್ದರೆ ಬೀಗ. ಹಾಗಾದರೆ ಬೇರೆ ಯಾರಾದರೂ ಒಳಗೆ ಹೋಗಿ ನೋಡಲಿ ಎಂದೆ. ರಹಸ್ಯ ಇರುವ ಕೋಣೆಗೆ ಬೇರೆಯವರನ್ನು ಬಿಡುವುದು ಹೇಗೆ ಎಂದಿರಿ. ಇಷ್ಟು ನುಣ್ಣನೆಯ ಗೋಡೆಯನ್ನು ಕಟ್ಟಿದವರಿಗೆ ನಿಜಕ್ಕೂ ಒಂದು ಪದಕ ಸಲ್ಲಬೇಕು, ಬಾಗಿಲು ತೆರೆದೇ ಕೊಡಲಿ.

ಆಗ ನಾನು ನನ್ನ ಕಸುಬಿನ ಬುದ್ಧಿಗೆ ತಕ್ಕಂತೆ, ‘ಭಾರದ ನೀರು’ ಬೇರೆ, ‘ಭಾರಜಲ’ ಬೇರೆ ಎಂದು ಹೇಳಲು ಹೋದೆ. ತಾವು ನಕ್ಕಿರಿ.

"ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಏನಾಗುತ್ತೆ ಬಿಡಿ. ನೀರು ಅಂದ್ರೂ ಜಲ ಅಂದ್ರೂ ಒಂದೇ ಅಲ್ವಾ?"

ಮಾನ್ಯರೇ, ಅಲ್ಲ. ತಮ್ಮ ಮನೆಯ ಅಳಿಯ ಮುಂದಿನ ಸಲ ಬಂದಾಗ ನಾಲ್ಕು ಜನರೆದುರು ಅವರನ್ನು ‘ಮನೆಅಳಿಯ’ ಎಂದು ಕರೆದು ನೋಡಿ. ಒಂದೇ ಒಂದು ‘ಯ’ ಬಿಟ್ಟಿದ್ದೇನೆ, ಅಷ್ಟೇ. ಊಟಕ್ಕೆ ಎಲ್ಲರೂ ಉಳಿದರೆ ನಾನು ನನ್ನ ಕಸುಬು ಬಿಡುತ್ತೇನೆ. ನಮ್ಮ ಅಚ್ಚುಮನೆಯಲ್ಲಿ ಅಕ್ಷರ ತಪ್ಪಿದರೆ ಮರುದಿನ ತಿದ್ದುಪಡಿ ಹಾಕಿ ಓದುಗರ ಕ್ಷಮೆ ಕೇಳುತ್ತೇವೆ. ತಮ್ಮ ಕಚೇರಿಯಲ್ಲಿ ಅಕ್ಷರ ತಪ್ಪಿದರೆ ಅದಕ್ಕೆ ಕಾವಲು ಹಾಕುತ್ತೀರಿ.

ಈಗ ನಮ್ಮನ್ನು ವ್ಯಾನಿನಲ್ಲಿ ದೂರದ ಊರಿನ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಯ ರೋಗಿಗಳ ಸರದಿ ಮುಗಿದು ಮಂಚ ಖಾಲಿಯಾದರೆ ಉಂಟು, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್. ಮೂರು ಸಲದ ಜಾಗದಲ್ಲಿ ಒಂದು ಸಲ, ಅದೃಷ್ಟವಿದ್ದರೆ ಎರಡು. ನನ್ನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತೇನೆ. ಕಂಡಕ್ಟರ್ ಒಂದು ದಿನ ವ್ಯಾನು ಹತ್ತಲಿಲ್ಲ. "ಆಯಸ್ಸೆಲ್ಲಾ ಗಾಡೀಲೇ ಕಳೆದೆ. ನನ್ನ ಸ್ಟಾಪ್ ಬಂತು ಅನ್ಸುತ್ತೆ, ನೀವು ಹೋಗ್ಬನ್ನಿ" ಎಂದರಂತೆ. ಅವರು ತೀರಿಕೊಂಡು ಒಂದು ವಾರವಾಯಿತು. ಇದನ್ನು ಬರೆಯುವಾಗ ನನಗೆ ವ್ಯಂಗ್ಯ ಹೊಳೆಯುತ್ತಿಲ್ಲ. ಸಿಟ್ಟು ಬರುತ್ತಿದೆ. ಹೆದರಿಕೆಯೂ ಆಗುತ್ತಿದೆ.

ಕಂಡಕ್ಟರ್ ಮನೆಯಿಂದ ಬಂದ ಸಂಜೆ ಅಕ್ಕ ಅಡಿಗೆಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದಳು. ಹೇಳಿಬಿಡೇ, ಜೈಲಿಗೆ ಹಾಕಿದರೆ ಹಾಕಲಿ ಎಂದೆ. "ಮಾತು ಕೊಟ್ಟಿದೀನಿ ಕಣೋ. ಆ ಜಾಗದಲ್ಲಿ ಕೊಟ್ಟ ಮಾತು ಅದು, ಒಬ್ರು ಮುರಿದ್ರೆ ಎಲ್ಲಾ ಸಡಿಲ ಆಗುತ್ತೆ" ಎಂದಳು. ತಾವು ಅವಳನ್ನು ನಂಬಲಿಲ್ಲ. ಅವಳು ಈಗಲೂ ತಮ್ಮ ನಿಯಮವನ್ನು ನಂಬಿ ಕೂತಿದ್ದಾಳೆ. ನಾನು ಮಾತು ಕೊಟ್ಟಿಲ್ಲವಲ್ಲ ಎಂದೆ. ಅವಳು ನನ್ನ ಊದಿದ ಕಾಲನ್ನು ನೋಡಿದಳು.

"ಬರಿಯೋದಾದ್ರೆ ಕಾಗುಣಿತ ತಪ್ಪಿಲ್ದೆ ಬರಿ" ಎಂದಳು.

ಆದ್ದರಿಂದ, ಮಾನ್ಯರೇ, ಹಿತ್ತಿಲಲ್ಲಿ ಅವಳಿಗೆ ಸ್ಪ್ಯಾನರ್ ಎತ್ತಿಕೊಡುತ್ತಾ ನಾನು ಕಣ್ಣಾರೆ ಕಂಡದ್ದನ್ನು ಕಾಗುಣಿತ ತಪ್ಪಿಲ್ಲದೆ ಬರೆಯುತ್ತಿದ್ದೇನೆ. ಕೊಳಾಯಿಯ ಒಳಗೆ ಸಾಸಿವೆ ಗಾತ್ರದ ಕಾಳುಗಳಿವೆ, ರಾಸಾಯನಿಕ ಅಂಗಡಿಯಲ್ಲಿ ಸಿಗುವಂಥವು. ನೀರು ಅವುಗಳ ಮೇಲೆ ಹರಿದಾಗ ಸುಣ್ಣದ ಅಂಶವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿದು ಹಿಡಿದು ದಣಿದಾಗ ಕಾಳುಗಳು ತುಸು ಕುಗ್ಗುತ್ತವೆ. ಕುಗ್ಗಿದರೆ ಅವುಗಳ ಮೇಲೆ ಸ್ಪ್ರಿಂಗಿನಿಂದ ಒತ್ತಿ ಕೂರಿಸಿದ ತಟ್ಟೆ ಕೆಳಗಿಳಿದು ನೀರಿನ ದಾರಿಯನ್ನು ತಾನಾಗಿ ಮುಚ್ಚುತ್ತದೆ. ಒಂದು ಕೊಳಾಯಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಮುಚ್ಚಿದ್ದನ್ನು ಉಪ್ಪುನೀರಿನಲ್ಲಿ ತೊಳೆದರೆ ಕಾಳುಗಳು ಮತ್ತೆ ಉಬ್ಬುತ್ತವೆ, ಕೆಲಸಕ್ಕೆ ನಿಲ್ಲುತ್ತವೆ. ಕಾಳು, ತಟ್ಟೆ, ಸ್ಪ್ರಿಂಗು, ಉಪ್ಪು. ರಹಸ್ಯ ಇಷ್ಟೇ. ಇದನ್ನು ಈಗ ಓದುಗರೆಲ್ಲರೂ ಓದಿದ್ದಾರೆ. ಯಾವ ಊರಿನ ಯಾವ ಆಸ್ಪತ್ರೆ ಬೇಕಾದರೂ ಮಾಡಿಕೊಳ್ಳಲಿ, ಅಕ್ಕನ ಆಸೆಯೂ ಅದೇ ಆಗಿತ್ತು.

ಕಾಯಲು ಇನ್ನು ರಹಸ್ಯ ಉಳಿದಿಲ್ಲ, ಹೀಗಾಗಿ ಬೀಗಕ್ಕೆ ಕೆಲಸವಿಲ್ಲ. ನಾಳೆ ಬೆಳಿಗ್ಗೆಯೇ ತೆಗೆಸಿ. ರಹಸ್ಯ ಬಯಲು ಮಾಡಿದ್ದಕ್ಕೆ ನನ್ನನ್ನು ಬಂಧಿಸುವುದು ತಮ್ಮ ಕರ್ತವ್ಯವಾದರೆ ನಾನು ಮನೆಯಲ್ಲೇ ಇರುತ್ತೇನೆ, ಓಡಿಹೋಗಲು ಕಾಲು ಸಹಕರಿಸುವುದಿಲ್ಲ. ಡಯಾಲಿಸಿಸ್ ಇರುವ ದಿನವೇ ಬನ್ನಿ. ಕೈದಿಯನ್ನು ಜೀವಂತವಾಗಿ ನ್ಯಾಯಾಲಯಕ್ಕೆ ಒಪ್ಪಿಸುವುದು ಸರ್ಕಾರದ ಹೊಣೆ ಎಂದು ಕೇಳಿದ್ದೇನೆ. ಪ್ರಜೆಯಾಗಿ ಸಿಗದ ಸರದಿ ಕೈದಿಯಾಗಿಯಾದರೂ ಸಿಗಲಿ.

ಇಂತಿ,
ತಮ್ಮ ವಿಧೇಯನಾಗಿ ಉಳಿಯಲಾರದ,
ಅಕ್ಕನ ತಮ್ಮ