ಅಳಿಸಿದ ಐದು ಹೆಸರು

ಸಕ್ಕರೆ ಕಾರ್ಖಾನೆ, ಕಂಪ್ಯೂಟರ್ ಕೋಣೆ
ಬೆಳಿಗ್ಗೆ ಹತ್ತು ಗಂಟೆ

ದಶರಥ ಕಾಕಾರಿಗೆ ನೀಲಮಳ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಜೀಪಿನ ಡ್ರೈವರ್ ಕೈಯಲ್ಲಿ ಈ ಚೀಟಿ ನಿಮ್ಮೂರು ಕರೋಶಿಗೆ ಕಳಿಸುತ್ತಿದ್ದೇನೆ.

ಇಂದು ಕಬ್ಬು ನುರಿಸುವ ಹಂಗಾಮು ಶುರುವಾಯಿತು. ಮುಗಳಖೋಡದ ಐದೂ ತೂಕದ ಕಾಟಾಗಳು ನಮ್ಮ ಮೇನ್‌ಫ್ರೇಮ್ ಕಂಪ್ಯೂಟರಿಗೆ ಸಿಗುತ್ತಿಲ್ಲ. ಪಟ್ಟಿಯಲ್ಲಿ ಹೆಸರು, ವಿಳಾಸ ಬರೆಯದ ಯಂತ್ರವನ್ನು ಅದು ಮಾತಾಡಿಸುವುದಿಲ್ಲವಲ್ಲ. ಆ ಐದು ಹೆಸರು ಬೇಸಿಗೆಯಿಡೀ ಸುಮ್ಮನಿದ್ದವೆಂದು ನಾನೇ ಅಳಿಸಿದೆ. ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. "ಬ್ಯಾಡವಾ, ಅವು ಸತ್ತಿಲ್ಲ, ಮಲಗ್ಯಾವ" ಅಂದಿದ್ದಿರಿ. ಸಾಹೇಬರ ಎದುರಿಗೇ ನಾನು ನಕ್ಕಿದ್ದೆ.

ಕಾಟಾಗಳ ಮುಂದೆ ಎತ್ತಿನ ಗಾಡಿಗಳು ಸಾಲುಗಟ್ಟಿವೆ. ಅಲ್ಲಿಂದ ರೈತರ ಫೋನಿನ ಮೇಲೆ ಫೋನು: "ಬಾಯಾರ, ಕಬ್ಬು ಒಣಗಾಕತ್ತೈತ್ರಿ, ತೂಕ ಯಾವಾಗ?" ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ; ಇದನ್ನೂ ನಿಂತೇ ಬರೆಯುತ್ತಿದ್ದೇನೆ.

ನೀವು ಕೈಯಾರೆ ಬರೆದಿಡುತ್ತಿದ್ದ ಕೆಂಪು ವಹಿಯಲ್ಲಿ ಆ ಐದರ ವಿವರ ಇರಬೇಕು. ವಹಿ ಕೊಟ್ಟು ಕಳಿಸಿದರೂ ಸಾಕು. ನೀವೇ ಬರುವುದಾದರೆ, ಎಷ್ಟು ಹೊತ್ತಾದರೂ ಜೀಪು ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ.

ನೀವು ನಿವೃತ್ತರಾದ ಸಂಜೆ ನಿಮ್ಮ ಲಾಗಿನ್ ಹೆಸರನ್ನೂ ನಾನೇ ತೆಗೆದಿದ್ದೆ. ಈ ಚೀಟಿ ಬರೆಯುವ ಮೊದಲು ಅದನ್ನು ಮತ್ತೆ ಸೇರಿಸಿದ್ದೇನೆ.

ನಿಮ್ಮ
ನೀಲಮ