ಬೆಟ್ಟಕ್ಕೆ ಅಡ್ಡ ಬಂದ ಬೆಟ್ಟ

ಬೆಟ್ಟದ ರೈಲಿನ ಅಂದಚೆಂದದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ನಿಸರ್ಗ ವೀಕ್ಷಣಾ ರೈಲಿನಲ್ಲಿ ಇಪ್ಪತ್ತೆರಡು ಗಂಟೆ ಕೂತು ಬಂದೆ. ನಿಸರ್ಗ ಕಾಣಲಿಲ್ಲ. ಬೋಗಿಯ ಹೊರಮೈಗೆ ಈ ತುದಿಯಿಂದ ಆ ತುದಿಯವರೆಗೆ, ಕಿಟಕಿಯ ಗಾಜನ್ನೂ ಬಿಡದೆ, ಹಿಮ ಹೊದ್ದ ಬೆಟ್ಟದ ಚಿತ್ರ ಅಂಟಿಸಿದ್ದೀರಿ. ಹಳಿಯ ಪಕ್ಕ ಸುಮ್ಮನೆ ನಿಂತವರಿಗೆ ಬೆಟ್ಟ ಕಾಣುತ್ತದೆ. ಟಿಕೆಟ್ ಕೊಂಡು ಒಳಗೆ ಕೂತವರಿಗೆ ಚಿತ್ರದ ಬೆನ್ನು ಕಾಣುತ್ತದೆ; ಅದು ಬೂದು ಬಣ್ಣದ್ದು. ಬೆಟ್ಟಗಳ ನಡುವೆಯೇ ಓಡುವ ರೈಲಿಗೆ ಬೆಟ್ಟದ ಚಿತ್ರವೇಕೆ ಬೇಕಾಯಿತು ಎಂದು ಕೇಳಿದರೆ ಅಧಿಕಪ್ರಸಂಗವಾದೀತೇ?

ನನ್ನ ಜೊತೆಗಿದ್ದವಳು ಅಕ್ಕ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದವಳು. ಅವಳ ಕಣ್ಣು ಮಬ್ಬಾಗುತ್ತಿದೆ. ಸೂಜಿ, ಅಕ್ಷರ ಇವೆಲ್ಲ ಆಗಲೇ ಹೋದವು; ದೊಡ್ಡವು ಮಾತ್ರ ಉಳಿದಿವೆ. "ಈ ವರ್ಷದೊಳಗೆ ಏನೇನು ನೋಡ್ಬೇಕು ಅನ್ಸುತ್ತೋ ನೋಡ್ಕೊಂಡ್ಬಿಡಿ ಅಮ್ಮ" ಎಂದರು ಕಣ್ಣಿನ ಡಾಕ್ಟರು. ಅಕ್ಕ ಯೋಚಿಸಲೇ ಇಲ್ಲ. "ಬೆಟ್ಟ ನೋಡ್ಬೇಕು ಕಣೋ. ಕಣ್ಣು ಕಿರಿದು ಮಾಡಿ ಹುಡುಕೋ ಹಾಗಿರ್ಬಾರ್ದು" ಎಂದಳು. ಕಣಿವೆ ಬರುವುದು ಎಡಕ್ಕೆಂದು ಕೇಳಿ ತಿಳಿದು, ಮೂರು ತಿಂಗಳ ಮೊದಲೇ ಎಡಬದಿಯ ಕಿಟಕಿಯ ಸೀಟು ಕಾದಿರಿಸಿದೆ.

ಆ ಕಿಟಕಿ ತೆರೆಯುವಂಥದ್ದಲ್ಲ. ಟಿಕೆಟ್ ತಪಾಸಣೆಯವರನ್ನು ಕರೆದು ತೋರಿಸಿದರೆ, "ಹೊರಗಿಂದ ನೋಡಿದ್ರಾ ಸಾರ್? ತುಂಬಾ ಚೆನ್ನಾಗಿದೆ" ಎಂದರು. ಕಣಿವೆ ಬಂದಾಗ ಬೋಗಿಯ ಜನವೆಲ್ಲ ಬಾಗಿಲಿಗೆ ಮುಗಿಬಿದ್ದರು. ಮಂಡಿನೋವಿನ ಅಕ್ಕ, "ನೀನಾದ್ರೂ ನೋಡ್ಕೊಂಡು ಬಂದು ಹೇಳೋ" ಎಂದು ನನ್ನನ್ನು ಅಟ್ಟಿದಳು. ನನಗೆ ಕಂಡದ್ದು ಹನ್ನೊಂದು ಬೆನ್ನುಗಳು. ಬರಿಗೈಲಿ ಹಿಂತಿರುಗುವುದು ಹೇಗೆ? ಮೂರು ಶಿಖರ, ನಡುವಿನದು ಎತ್ತರ, ಕೆಳಗೊಂದು ನೀಲಿ ಸರೋವರ ಎಂದು ಬೋಗಿಯ ಮೇಲಿನ ಚಿತ್ರವನ್ನೇ ವರ್ಣಿಸಿದೆ. ಗಂಟೆಗೊಮ್ಮೆ ಹೋಗಿ ಬಂದು ಅದನ್ನೇ ಹೇಳಿದೆ. ಮೂರನೇ ಸಲ ಅಕ್ಕ ಕೇಳಿದಳು: "ಏನೋ, ರೈಲು ಅಲ್ಲೇ ನಿಂತ್ಬಿಟ್ಟಿದ್ಯಾ?"

ಆ ಚಿತ್ರ ನನಗೆ ಅಷ್ಟು ಬಾಯಿಪಾಠ ಹೇಗೆಂದರೆ, ಅಂಟಿಸಿದವನು ನಾನೇ. ಹೌದು ಸ್ವಾಮಿ, ದೊಡ್ಡ ಸ್ಟಿಕ್ಕರ್ ಅಂಟಿಸುವುದು ನನ್ನ ಕಸುಬು. ನಿಮ್ಮ ಯಾರ್ಡಿನಲ್ಲಿ ಆರು ಬೋಗಿಗಳಿಗೆ ಅಂಟಿಸಿದ್ದೇನೆ. "ಕಿಟಕಿ ಮೇಲೂ ಅಂಟಿಸ್ಬೇಕಾ?" ಎಂದು ನಿಮ್ಮ ಮೇಲ್ವಿಚಾರಕರನ್ನು ಒಮ್ಮೆ ಕೇಳಿದ್ದುಂಟು. "ಕಿಟಕಿ ಬಿಟ್ರೆ ಬೆಟ್ಟ ತೂತು ಬೀಳಲ್ವೇನಪ್ಪ? ನೀನು ಅಂಟ್ಸು, ಯೋಚ್ನೆ ಮಾಡೋಕೆ ನಾವಿದ್ದೀವಿ" ಎಂದರು. ಒಂದೂ ಗಾಳಿಗುಳ್ಳೆ ಏಳದಂತೆ ನೋಡಿಕೊಂಡೆ, ಒಳಗೆ ಹತ್ತಿ ನೋಡಲಿಲ್ಲ. ನಮ್ಮ ಕಸುಬು ಹೊರಗೆ ನಿಂತೇ ಮುಗಿಯುತ್ತದೆ. ನಿಮ್ಮದೂ ಹಾಗೆಯೇ ಎಂದು ಈಗ ತಿಳಿಯಿತು. ಪ್ರಯಾಣದ ದಿನ ಬೋಗಿ ಹತ್ತುವಾಗಲೂ ನನ್ನ ಕೈಕೆಲಸ ನೋಡಿ ಮನಸ್ಸಿನಲ್ಲೇ ಬೀಗಿದ್ದೆ. ಅಕ್ಕ ಗಾಜಿಗೆ ಮುಖವಿಟ್ಟು ಕೂತಾಗ ನಾಚಿಕೆಯಿಂದ ಸತ್ತುಹೋದೆ. ನಿಮಗೆ ಅಂಥದ್ದೇನೂ ಆಗಿಲ್ಲವೆಂಬುದು ನನ್ನ ದೂರಿಗೆ ಬಂದ ಉತ್ತರದಲ್ಲಿದೆ: "ಸದರಿ ಕಿಟಕಿಯನ್ನು ಪರಿಶೀಲಿಸಲಾಗಿ, ಚಿತ್ರಕ್ಕೆ ಯಾವುದೇ ಹಾನಿಯಾಗಿರುವುದಿಲ್ಲ." ಅದೇನೋ ನಿಜ.

ಅದಕ್ಕೇ ಈಗ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ. ನನಗೆ ಪರಿಹಾರ ಬೇಡ, ನಿಮ್ಮ ವಿಷಾದವೂ ಬೇಡ. ಎರಡು ದಿನ ಯಾರ್ಡಿನೊಳಗೆ ಬಿಡಿ. ಬ್ಲೇಡು, ಬಿಸಿನೀರು ನಾನೇ ತರುತ್ತೇನೆ. ಆರೂ ಬೋಗಿಗಳ ಕಿಟಕಿ ಕೆರೆದು, ಈ ಸಲ ಒಳಗೆ ಕೂತು ನೋಡಿಯೇ ಇಳಿಯುತ್ತೇನೆ. ಆಮೇಲೆ ಎಡಬದಿಯಲ್ಲಿ ನಮಗೆರಡು ಸೀಟು ಕೊಡಿ, ಈ ವರ್ಷ ಮುಗಿಯುವುದರೊಳಗೆ. ನಿಮ್ಮ ಕಡತ ಮುಂದಿನ ವರ್ಷಕ್ಕೆ ದಾಟಿದರೆ ಅಕ್ಕನಿಗೆ ಕಿಟಕಿಯೂ ಒಂದೇ, ಗೋಡೆಯೂ ಒಂದೇ.

ಅಂಟಿಸಿದವನು ನಾನೆಂದು ಅವಳಿಗೆ ಇನ್ನೂ ಹೇಳಿಲ್ಲ. ಪತ್ರಿಕೆಯ ಅಕ್ಷರ ಅವಳಿಗೆ ಕಾಣುವುದಿಲ್ಲವೆಂಬ ಧೈರ್ಯದ ಮೇಲೆಯೇ ಇದನ್ನು ಇಲ್ಲಿ ಬರೆದಿದ್ದೇನೆ.

ಇಂತಿ,
ಒಂದೂ ಗುಳ್ಳೆ ಏಳದಂತೆ ಅಂಟಿಸಿದವನು